ಥರ್ಮೋಸ್ಟಾಟ್ ಕಿತ್ತೆಸೆಯುವ ಮುನ್ನ

ಮಣ್ಣು ಪುಡಿ ಮಾಡುವ ರೋಟವೇಟರ್ ಕಟ್ಟಿ ಎರಡು ಸಾಲು ಹೊಡೆಯುವಷ್ಟರಲ್ಲಿ ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೇರುತ್ತದೆ ಎಂದು ಸಿಂಧನೂರು ಕಡೆಯ ಭತ್ತದ ರೈತರೊಬ್ಬರು ಟ್ರ್ಯಾಕ್ಟರ್ ತಂದರು. ಅದು ಆಗಲೇ ಎರಡು ವರ್ಕ್‌ಶಾಪ್ ಕಂಡಿತ್ತು. ಒಂದು ಕಡೆ ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ಕವಾಟ) ಕಿತ್ತಿದ್ದರು, ಇನ್ನೊಂದು ಕಡೆ ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಬೇಕು ಎಂದಿದ್ದರು.

ನಾನು ಮೊದಲು ಕೇಳುವುದು, ಯಾವಾಗ ಕಾಯುತ್ತದೆ ಎಂದು. ನಿಂತಲ್ಲೇ ಕಾದರೆ ಫ್ಯಾನ್, ಬೆಲ್ಟ್ ನೋಡುತ್ತೇನೆ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿದ ಕೂಡಲೇ ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಹೆಡ್ ಕೆಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಬರಬೇಕು. ಇವರದು ಭಾರ ಬಿದ್ದಾಗ ಮಾತ್ರ ಕಾಯುತ್ತಿತ್ತು. ಹಾಗಿದ್ದರೆ ಗಾಳಿಯ ದಾರಿ ಕಟ್ಟಿರಬೇಕು, ಇಲ್ಲವೇ ನೀರಿನ ದಾರಿ.

ಗ್ರಿಲ್ ತೆಗೆದರೆ ರೇಡಿಯೇಟರ್ ಮುಖದ ತುಂಬ ಹೊಟ್ಟು, ಧೂಳು ಮೆತ್ತಿತ್ತು. ಫ್ಯಾನ್ ಗಾಳಿಯನ್ನು ಮುಂದಿನಿಂದ ಎಳೆಯುವುದರಿಂದ ಕಸವನ್ನು ಹಿಂದಿನಿಂದ ಮುಂದಕ್ಕೆ ಊದಬೇಕು. ಮುಂದಿನಿಂದ ಊದಿದರೆ ಅದು ಇನ್ನಷ್ಟು ಒಳಗೆ ಸೇರುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ನೀರು ಕುದಿಯುವುದು ಸುಮಾರು 118 ಡಿಗ್ರಿಗೆ. ಒತ್ತಡ ಸೋರಿದರೆ 100ರ ಆಸುಪಾಸಿನಲ್ಲೇ ಕುದಿಯುತ್ತದೆ. ಈ ಮುಚ್ಚಳವನ್ನು ಬಿಸಿ ಎಂಜಿನ್ ಮೇಲೆ ದಯವಿಟ್ಟು ತೆರೆಯಬೇಡಿ. ಮುಖ ಬೆಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನ್ನೂ ಸರಿ ಮಾಡಿದರೂ ಮುಳ್ಳು ಏರಿತು. ಆಗ ಟಾರ್ಚ್ ಹಿಡಿದು ರೇಡಿಯೇಟರಿನ ಕೆಳಗಿನ ಹೋಸ್ ಮುಂದೆ ಕುಳಿತೆ. ಐಡಲ್‌ನಲ್ಲಿ ಅದು ದುಂಡಗಿತ್ತು. ಹುಡುಗ ಆಕ್ಸಿಲರೇಟರ್ ಏರಿಸುತ್ತಿದ್ದಂತೆ ಚೀಪಿದ ಮಾವಿನಹಣ್ಣಿನ ಹಾಗೆ ಚಪ್ಪಟೆಯಾಯಿತು. ಪಂಪ್ ನೀರು ಎಳೆಯುವ ಬದಿಯ ಹೋಸ್ ಅದು; ಚಪ್ಪಟೆಯಾದರೆ ನೀರಿನ ದಾರಿಯೇ ಕಟ್ಟುತ್ತದೆ. ಅದನ್ನು ದುಂಡಗೆ ಹಿಡಿದಿಡುವ ಒಳಗಿನ ಸ್ಪ್ರಿಂಗ್ ತುಕ್ಕು ತಿಂದು ಪುಡಿಯಾಗಿತ್ತು. ವರ್ಷಗಟ್ಟಲೆ ತುಕ್ಕು ತಡೆಯುವ ಕೂಲಂಟ್ ಇಲ್ಲದೆ ಬರೀ ಬೋರ್‌ವೆಲ್ ನೀರು ಸುರಿದದ್ದರ ಫಲ.

ಥರ್ಮೋಸ್ಟಾಟ್ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಮ್ಮ ಬಿಸಿಲಿಗೆ ಅದು ಬೇಡ ಎಂಬ ಮಾತು ಎಷ್ಟು ಎಂಜಿನ್‌ಗಳನ್ನು ಸವೆಸಿದೆಯೋ! ಹಲವು ಎಂಜಿನ್‌ಗಳಲ್ಲಿ ಅದು ಸುಮಾರು 82 ಡಿಗ್ರಿಗೆ ತೆರೆದುಕೊಳ್ಳಲಾರಂಭಿಸುತ್ತದೆ, ಪೂರ್ತಿ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥ ಎಂಜಿನ್‌ನಿಂದ ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು, ಒಂದಷ್ಟು ಬಿಸಿ ನೀರು ರೇಡಿಯೇಟರ್ ಮುಟ್ಟದೆ ಎಂಜಿನ್ನಿಗೇ ಮರಳುತ್ತದೆ. ತಂಪು ಮಾಡಲು ಹೋಗಿ ಕಾಯಿಸಿದಂತೆ. ಅನುಮಾನವಿದ್ದರೆ ಪಾತ್ರೆಯ ನೀರಿನಲ್ಲಿ, ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು ಕಾಯಿಸಿ. ಎಷ್ಟು ಡಿಗ್ರಿಗೆ ಬಾಯಿ ಬಿಡುತ್ತದೆಂದು ಥರ್ಮಾಮೀಟರ್ ತೋರಿಸುತ್ತದೆ.

ಸ್ಪ್ರಿಂಗ್ ಇರುವ ಹೊಸ ಹೋಸ್, ಥರ್ಮೋಸ್ಟಾಟ್, ಮುಚ್ಚಳ ಹಾಕಿ, ಒಳಗೆ ತೊಳೆದು ಕೂಲಂಟ್ ತುಂಬಿದೆವು. ಅದೇ ಗದ್ದೆಯಲ್ಲಿ ಒಂದು ಗಂಟೆ ರೋಟವೇಟರ್ ಓಡಿತು. ಮುಳ್ಳು ನಡುವಿನಿಂದ ಕದಲಲಿಲ್ಲ. ಹೆಡ್‌ನ ಒಂದು ಬೋಲ್ಟನ್ನೂ ನಾವು ಮುಟ್ಟಿರಲಿಲ್ಲ.