ಗೊತ್ತಿಲ್ಲದ ಕಾರಣವನ್ನೂ ನಾವು ಹೇಳಿಬಿಡುತ್ತೇವೆ

ನಾಲ್ಕು ಜೊತೆ ನೈಲಾನ್ ಕಾಲುಚೀಲ. ನಾಲ್ಕೂ ಒಂದೇ ತರ. ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಎಂದು ಜನರನ್ನು ಕೇಳಿದರು. ಎಡತುದಿಯದನ್ನು ಆರಿಸಿದವರು ನೂರಕ್ಕೆ 12 ಮಂದಿ, ಬಲತುದಿಯದನ್ನು ಆರಿಸಿದವರು 40. ಯಾಕೆ ಆರಿಸಿದಿರಿ ಎಂದು ಕೇಳಿದರೆ, ಇಟ್ಟ ಜಾಗದ ಮಾತನ್ನು ಯಾರೂ ಎತ್ತಲಿಲ್ಲ. ‘ಬಲಗಡೆ ಇತ್ತು ಅಂತ ಆರಿಸಿದಿರಾ?’ ಎಂದು ನೇರವಾಗಿ ಕೇಳಿದರೂ ಹೆಚ್ಚುಕಡಿಮೆ ಎಲ್ಲರೂ ಇಲ್ಲ ಎಂದರು. ಕೇಳಿದವನನ್ನೇ ಅನುಮಾನದಿಂದ ನೋಡಿದರು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೋಥಿ ವಿಲ್ಸನ್ 1977ರಲ್ಲಿ ಇದನ್ನು ಬರೆದರು.

2005ರಲ್ಲಿ ಸ್ವೀಡನ್ನಿನ ಸಂಶೋಧಕರಾದ ಪೆಟ್ಟರ್ ಯೋಹಾನ್ಸನ್, ಲಾರ್ಸ್ ಹಾಲ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡು ಮುಖಗಳ ಫೋಟೋ ತೋರಿಸಿ, ಇಷ್ಟವಾದದ್ದನ್ನು ಆರಿಸಿ ಎಂದರು. ಆಮೇಲೆ ಕೈಚಳಕದಿಂದ ಅವರು ಆರಿಸದ ಫೋಟೋ ಕೊಟ್ಟು, ಇದು ಯಾಕೆ ಇಷ್ಟ ಎಂದು ಕೇಳಿದರು. ಬಹುಪಾಲು ಸಲ ಬದಲಾವಣೆ ಗೊತ್ತೇ ಆಗಲಿಲ್ಲ. ಕೆಲವರು ತಾವು ಬೇಡವೆಂದ ಮುಖದಲ್ಲಿ ಮಾತ್ರ ಇದ್ದ ಕಿವಿಯೋಲೆಯನ್ನೇ ಕಾರಣವಾಗಿ ಹೇಳಿದರು! ಸುಳ್ಳು ಹೇಳಬೇಕು ಅಂತ ಅಲ್ಲ, ಅವರು ಅದನ್ನು ನಂಬಿಯೇ ಹೇಳಿದ್ದು.

ನಡವಳಿಕೆಯ ಹಿಂದಿನ ಕಾಣದ ಕಾರಣಗಳನ್ನು ಬಿಚ್ಚಿಡುವ ಪಾಡ್‌ಕಾಸ್ಟ್‌ಗಳು ನನಗೆ ಬಹಳ ಇಷ್ಟ. ಈ ವಿಷಯಕ್ಕೆ ಕಿವಿಯೇ ಸರಿಯಾದ ದಾರಿ ಅನ್ನಿಸುತ್ತದೆ. ಕಾರಣ ಹುಡುಕುವಾಗ ದನಿ ಚೂರು ತಡೆಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಅಚ್ಚಿನಲ್ಲಿ ಇದು ಸಿಗುವುದಿಲ್ಲ.

ಕೇಳುವವರ ಮಿದುಳಿನಲ್ಲೂ ಏನೋ ನಡೆಯುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನಿ ಯೂರಿ ಹ್ಯಾಸನ್ ತಂಡ ಒಬ್ಬಾಕೆಯನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಆಕೆಯ ಬದುಕಿನ ಕಥೆಯೊಂದನ್ನು ಹೇಳಿಸಿತು. ಅದೇ ಧ್ವನಿಮುದ್ರಣವನ್ನು ಬೇರೆಯವರಿಗೆ ಅದೇ ಯಂತ್ರದಲ್ಲಿ ಕೇಳಿಸಿತು. ಫಲಿತಾಂಶ ಬಂದದ್ದು 2010ರಲ್ಲಿ. ಹೇಳಿದವಳ ಮಿದುಳಿನ ಚಟುವಟಿಕೆಯ ಏರಿಳಿತವೇ ಸ್ವಲ್ಪ ತಡವಾಗಿ ಕೇಳುಗರ ಮಿದುಳಿನಲ್ಲೂ ಕಂಡಿತ್ತು. ಕೆಲವು ಭಾಗಗಳಲ್ಲಂತೂ ಕೇಳುಗರ ಮಿದುಳೇ ಮುಂದಿತ್ತು, ಅಂದರೆ ಮುಂದೇನು ಬರುತ್ತದೆ ಎಂದು ಊಹಿಸುತ್ತಿತ್ತು. ಹೀಗೆ ಮುಂದೋಡಿದಷ್ಟೂ ಕಥೆ ಚೆನ್ನಾಗಿ ಅರ್ಥವಾಗಿತ್ತು. ರಷ್ಯನ್ ಬಾರದವರಿಗೆ ರಷ್ಯನ್ ಕಥೆ ಕೇಳಿಸಿದಾಗ ಈ ನಂಟು ಕಾಣಲಿಲ್ಲ.

ಹಾಗಾಗಿ ಕಥೆಯೂ ಒಂದು ಕಾಣದ ಪ್ರಭಾವವೇ, ಅಲ್ವಾ? ಚೆನ್ನಾಗಿ ಹೇಳಿದ ಪ್ರಯೋಗವನ್ನು ನಾವು ಬೇಗ ನಂಬುತ್ತೇವೆ. ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಓದಿದ ವಿದ್ಯಾರ್ಥಿಗಳು ಕಾರಿಡಾರಿನಲ್ಲಿ ನಿಧಾನವಾಗಿ ನಡೆದರು ಎಂಬ 1996ರ ಪ್ರಯೋಗ ಹಾಗೆಯೇ ಊರೆಲ್ಲ ಸುತ್ತಿತು. 2012ರಲ್ಲಿ ಬೆಲ್ಜಿಯಂನ ಸಂಶೋಧಕರು ನಡಿಗೆಯನ್ನು ಇನ್‌ಫ್ರಾರೆಡ್ ಕಿರಣದಿಂದ ಅಳೆದು ನೋಡಿದರು. ವ್ಯತ್ಯಾಸ ಕಾಣಲಿಲ್ಲ. ಅವರು ಅಲ್ಲಿಗೇ ಬಿಡಲಿಲ್ಲ. ಪ್ರಯೋಗ ನಡೆಸುವವರಿಗೇ ‘ಇವರು ನಿಧಾನವಾಗಿ ನಡೆಯುತ್ತಾರೆ’ ಎಂದು ಮೊದಲೇ ನಂಬಿಸಿ, ಮತ್ತೆ ಅಳೆದರು. ಆಗ ಆ ಪದಗಳನ್ನು ಓದಿದ ವಿದ್ಯಾರ್ಥಿಗಳು ನಿಜಕ್ಕೂ ನಿಧಾನವಾದರು. ನನಗೆ ಮೊದಲ ಕಥೆಗಿಂತ ಇದೇ ಜಾಸ್ತಿ ರೋಚಕ. ಆದರೆ ಇದನ್ನು ಹೇಳುವವರು ಕಡಿಮೆ.