ಎಕ್ಸ್‌ಚೇಂಜ್ ಬಿಡೋದು ಯಾಕಿಷ್ಟು ಕಷ್ಟ? ಆಫೀಸ್ ಮೇಲ್‌ನ ಹಿಂದಿನ ಕಥೆ

2025ರ ಅಕ್ಟೋಬರ್‌ನಲ್ಲಿ ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರ ಒಂದು ದೊಡ್ಡ ಕೆಲಸ ಮುಗಿಸಿತು. 40,000ಕ್ಕೂ ಹೆಚ್ಚು ಮೇಲ್‌ಬಾಕ್ಸ್‌ಗಳು, ಹತ್ತು ಕೋಟಿಗೂ ಜಾಸ್ತಿ ಮೇಲ್ ಮತ್ತು ಕ್ಯಾಲೆಂಡರ್ ನಮೂದುಗಳು. ಇಷ್ಟನ್ನೂ ಆಫೀಸಿನ ಮೇಲ್, ಕ್ಯಾಲೆಂಡರ್ ನಡೆಸುವ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಿಂದ ಓಪನ್-ಎಕ್ಸ್‌ಚೇಂಜ್ ಅನ್ನುವ ಓಪನ್ ಸೋರ್ಸ್ (ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್‌ಗೆ ಸಾಗಿಸಿತು. ಮೇಲ್ ಓದಿ ಬರೆಯುವ ಔಟ್‌ಲುಕ್ ಇದ್ದ ಜಾಗಕ್ಕೆ ಅದೇ ಕೆಲಸದ ಥಂಡರ್‌ಬರ್ಡ್ ಬಂತು. ಪೊಲೀಸರು, ಕೋರ್ಟಿನವರೂ ಇದರಲ್ಲಿ ಸೇರಿದ್ದರು. ಸಾಗಿಸುವುದಕ್ಕೇ ಆರು ತಿಂಗಳು ಹಿಡಿಯಿತು.

ಮೇಲ್ ಕಳಿಸುವ ವಿದ್ಯೆಯಲ್ಲಿ ಯಾವತ್ತೂ ಗುಟ್ಟು ಇರಲಿಲ್ಲ. ಹಾಗಿದ್ದೂ ಒಂದು ಸರ್ಕಾರ ಇಷ್ಟು ಹೆಣಗಬೇಕಾಯಿತಲ್ಲ, ಯಾಕೆ?

ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಮೇಲ್ ಹೋಗುವ ರೀತಿಗೆ ಎಸ್‌ಎಂಟಿಪಿ ಅನ್ನುತ್ತಾರೆ. ಅದರ ನಿಯಮಗಳನ್ನು ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ 1982ರಲ್ಲಿ ಎಲ್ಲರೂ ಓದುವ ಹಾಗೆ ಬರೆದಿಟ್ಟರು. ಎರಡು ಸರ್ವರ್‌ಗಳ ಮಾತುಕತೆಯನ್ನು ಒಮ್ಮೆ ಪರದೆಯ ಮೇಲೆ ನೋಡಬೇಕು. ಒಂದು 'ಹೆಲೋ' ಅಂದು ತನ್ನ ಹೆಸರು ಹೇಳುತ್ತದೆ. ಇನ್ನೊಂದು '250' ಅನ್ನುತ್ತದೆ, ಅಂದರೆ ಸರಿ, ಮುಂದೆ ಹೇಳು. ಯಾರಿಂದ, ಯಾರಿಗೆ, ವಿಷಯ ಏನು. ಕೊನೆಗೆ ಒಂದು ಸಾಲಿನಲ್ಲಿ ಒಂಟಿ ಚುಕ್ಕೆ. ಕಾಗದ ಮುಗಿಯಿತು ಅಂತ ಅರ್ಥ. ಅಷ್ಟೇ.

ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ಬರೆದ ಸೆಂಡ್‌ಮೇಲ್ ಅನ್ನುವ ಮೇಲ್ ಕಳಿಸುವ ಪ್ರೋಗ್ರಾಂ ಈ ಮಾತುಕತೆಯನ್ನು ಊರೂರಿಗೆ ಹಬ್ಬಿಸಿತು. ಆದರೆ ಅದರಲ್ಲಿ ತೂತುಗಳಿದ್ದವು. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡಿದ ಪ್ರೋಗ್ರಾಂ) ನುಗ್ಗಿದ ದಾರಿಗಳಲ್ಲಿ ಸೆಂಡ್‌ಮೇಲ್‌ನಲ್ಲಿ ತಪ್ಪು ಹುಡುಕಲು ಇಟ್ಟಿದ್ದ ಡಿಬಗ್ ಸೌಲಭ್ಯವೂ ಒಂದು. ಆಮೇಲೆ ಬಂದವರು ಆ ಪಾಠ ಕಲಿತರು. ಕೇಂಬ್ರಿಡ್ಜ್‌ನಲ್ಲಿ ಫಿಲಿಪ್ ಹೇಜಲ್ ಅದೇ ಕೆಲಸದ ಎಕ್ಸಿಮ್ ಬರೆದರು. ಐಬಿಎಂನಲ್ಲಿದ್ದ ವೀಟ್ಸೆ ವೆನೆಮಾ 1998ರಲ್ಲಿ ಪೋಸ್ಟ್‌ಫಿಕ್ಸ್ ಹೊರತಂದರು. ಒಂದೇ ದೊಡ್ಡ ಪ್ರೋಗ್ರಾಂ ಬದಲು ಹಲವು ಚಿಕ್ಕ ಪ್ರೋಗ್ರಾಂಗಳು, ಒಂದೊಂದಕ್ಕೂ ಬೇಕಾದಷ್ಟೇ ಅಧಿಕಾರ. 2002ರಲ್ಲಿ ಫಿನ್ಲೆಂಡ್‌ನ ಟಿಮೊ ಸಿರೈನೆನ್ ಅವರ ಡವ್‌ಕಾಟ್ ಬಂತು. ಬಂದ ಮೇಲ್ ಜೋಡಿಸಿಟ್ಟು ತೋರಿಸುವ ಕೆಲಸ ಅದರದ್ದು. ಪೋಸ್ಟ್‌ಫಿಕ್ಸ್, ಡವ್‌ಕಾಟ್ ಜೋಡಿ ಇವತ್ತಿಗೂ ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ದುಡಿಯುತ್ತಿದೆ.

ಹಾಗಾದರೆ ಆಫೀಸುಗಳು ಸಿಕ್ಕಿಬಿದ್ದದ್ದು ಎಲ್ಲಿ? ಕ್ಯಾಲೆಂಡರಿನಲ್ಲಿ.

1996ರಲ್ಲಿ ಎಕ್ಸ್‌ಚೇಂಜ್ 4.0 ಬಂತು. ಮುಂದೆ ಔಟ್‌ಲುಕ್ ಅದರ ಜೊತೆಯಾಯಿತು. ಮೇಲ್, ವಿಳಾಸ ಪುಸ್ತಕ, ಮೀಟಿಂಗ್, ಯಾರು ಯಾವಾಗ ಬಿಡುವು, ಎಲ್ಲ ಒಂದೇ ಕಡೆ. ನಿಜವಾಗಿಯೂ ಒಳ್ಳೆಯ ಸೌಲಭ್ಯ, ಅದನ್ನು ಒಪ್ಪಲೇಬೇಕು. ಆದರೆ ಎಕ್ಸ್‌ಚೇಂಜ್, ಔಟ್‌ಲುಕ್ ತಮ್ಮೊಳಗೆ ಆಡುತ್ತಿದ್ದ ಮಾತಿನ ವಿವರ ಹೊರಗಿನವರಿಗೆ ಸಿಗುತ್ತಿರಲಿಲ್ಲ. ಮೇಲ್ ಜೊತೆ 'ವಿನ್‌ಮೇಲ್.ಡ್ಯಾಟ್' ಅನ್ನುವ ಫೈಲ್ ನಿಮಗೂ ಬಂದಿರಬಹುದು. ಏನು ಮಾಡಿದರೂ ತೆರೆಯದು. ಕಳಿಸಿದವರನ್ನು ಕೇಳಿದರೆ "ನಾನು ಮೀಟಿಂಗ್ ಕಳಿಸಿದ್ದೆನಲ್ಲ" ಅನ್ನುತ್ತಾರೆ. ಅವರದೂ ತಪ್ಪಿಲ್ಲ. ಔಟ್‌ಲುಕ್ ತನ್ನದೇ ರೀತಿಯಲ್ಲಿ ಕಟ್ಟಿದ ಗಂಟು ಅದು.

ಈ ಗಂಟು ಬಿಡಿಸಲು ಹಲವರು ಕೂತರು. 2002ರಲ್ಲಿ ಜರ್ಮನಿಯ ಮಾಹಿತಿ ಸುರಕ್ಷತಾ ಕಚೇರಿ ದುಡ್ಡು ಕೊಟ್ಟು ಶುರುಮಾಡಿಸಿದ ಕೆಲಸದಿಂದ ಕೋಲಾಬ್ ಅನ್ನುವ ಓಪನ್ ಸೋರ್ಸ್ ಮೇಲ್, ಕ್ಯಾಲೆಂಡರ್ ಸಾಫ್ಟ್‌ವೇರ್ ಹುಟ್ಟಿತು. 2007ರಲ್ಲಿ ಕ್ಯಾಲ್‌ಡ್ಯಾವ್ ಬಂತು. ಕ್ಯಾಲೆಂಡರಿಗೂ ಎಲ್ಲರಿಗೆ ಸೇರಿದ ಒಂದು ಭಾಷೆ ಸಿಕ್ಕಿತು. 2008ರಲ್ಲಿ, ಯುರೋಪಿಯನ್ ಕಮಿಷನ್ ಜೊತೆ ವರ್ಷಗಟ್ಟಲೆ ಜಗಳವಾದ ಮೇಲೆ, ಮೈಕ್ರೋಸಾಫ್ಟ್ ಕೂಡ ಎಕ್ಸ್‌ಚೇಂಜ್‌ನ ಒಳಮಾತಿನ ವಿವರ ಪ್ರಕಟಿಸಿತು.

ಆಗ ಎಲ್ಲರ ಕಣ್ಣು ಜಿಂಬ್ರಾ ಅನ್ನುವ ಓಪನ್ ಸೋರ್ಸ್ ಮೇಲ್ ಸಾಫ್ಟ್‌ವೇರ್ ಮೇಲಿತ್ತು. ಬ್ರೌಸರಿನಲ್ಲೇ ಚೆಂದವಾಗಿ ಕೆಲಸ ಮಾಡುತ್ತಿತ್ತು. 2007ರಲ್ಲಿ ಯಾಹೂ ಅದನ್ನು 35 ಕೋಟಿ ಡಾಲರ್‌ಗೆ ಕೊಂಡಿತು. 2010ರಲ್ಲಿ ವಿಎಂವೇರ್‌ಗೆ ಮಾರಿತು. 2013ರಲ್ಲಿ ಟೆಲಿಜೆಂಟ್, 2015ರಲ್ಲಿ ಸಿನಾಕೋರ್ ಕಂಪನಿಯ ಕೈಗೆ ಹೋಯಿತು. 2020ರ ಜಿಂಬ್ರಾ 9ಕ್ಕೆ ಬರುವ ಹೊತ್ತಿಗೆ ಉಚಿತ ಆವೃತ್ತಿಯನ್ನು ಸಿದ್ಧ ರೂಪದಲ್ಲಿ ಕೊಡುವುದೇ ನಿಂತಿತು. ಕೋಡ್ ಇದೆ, ನೀವೇ ಕಟ್ಟಿಕೊಳ್ಳಿ ಅಂದರು. ಅದನ್ನು ನಂಬಿ ಮೇಲ್ ನಡೆಸುತ್ತಿದ್ದ ಸಣ್ಣ ಕಾಲೇಜು, ಸಣ್ಣ ಕಂಪನಿಗಳ ಕಷ್ಟ ನೆನೆದರೆ ಈಗಲೂ ಬೇಜಾರಾಗುತ್ತದೆ. ಕೋಡ್ ತೆರೆದಿದ್ದರೂ ಯಜಮಾನ ಒಬ್ಬನೇ ಆದರೆ ಇಂಥ ದಿನ ಬರುತ್ತದೆ.

ನಮ್ಮಲ್ಲೂ ದೊಡ್ಡ ಬದಲಾವಣೆ ಆಗಿದೆ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮೇಲ್ ಈಗ ಜೋಹೋದಲ್ಲಿದೆ. ನಮ್ಮ ದೇಶದ ಕಂಪನಿ ಅನ್ನುವುದು ಸಂತೋಷವೇ. ಆದರೆ ಅದು ಓಪನ್ ಸೋರ್ಸ್ ಅಲ್ಲ. ನಾಳೆ ಬಿಟ್ಟು ಹೊರಡಬೇಕಾದರೆ ದಾರಿ ಎಷ್ಟು ಸಲೀಸು ಅನ್ನೋದನ್ನ ಜೋಹೋಗೂ ಕೇಳಬೇಕಲ್ವಾ?

ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸ್ವಂತ ಸರ್ವರ್ ಇಟ್ಟುಕೊಂಡವರಿಗೂ ಈಗ ಉಳಿದಿರುವುದು ಚಂದಾ ಕಟ್ಟುವ ಆವೃತ್ತಿ ಮಾತ್ರ. ಹಾಗಾಗಿ ಎಷ್ಟೋ ಆಫೀಸುಗಳಲ್ಲಿ ಈ ಚರ್ಚೆ ಮತ್ತೆ ಎದ್ದಿದೆ. ಓಪನ್ ಸೋರ್ಸ್‌ಗೆ ಹೋಗುವವರಿಗೆ ಹೊಸ ತಲೆನೋವೂ ಇದೆ. ಮೇಲ್ ನಿಜವಾಗಿ ನಿಮ್ಮಲ್ಲಿಂದಲೇ ಬಂತು ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಸರಿಯಾಗಿ ಹಾಕದಿದ್ದರೆ ನಿಮ್ಮ ಮೇಲ್ ಜೀಮೇಲ್‌ನಲ್ಲಿ ಸ್ಪ್ಯಾಮ್‌ಗೆ ಬೀಳಬಹುದು, ವಾಪಸ್ಸೂ ಬರಬಹುದು. ಇದನ್ನು ಕೂತು ಕಲಿಯಬೇಕು, ಬೇರೆ ದಾರಿಯಿಲ್ಲ.

ಯಾವುದನ್ನೇ ತಗೊಳ್ಳಿ, ಸಹಿ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಪ್ರತಿ ಸೋಮವಾರ ಬರುವ ಒಂದು ಮೀಟಿಂಗ್ ಹಾಕಿ. ನಡುವಿನ ಒಂದು ವಾರ ಮಾತ್ರ ಮಂಗಳವಾರಕ್ಕೆ ತಳ್ಳಿ. ಆಮೇಲೆ ಆ ಕ್ಯಾಲೆಂಡರನ್ನು ಥಂಡರ್‌ಬರ್ಡ್‌ನಲ್ಲಿ ತೆರೆದು, ಆ ಮಂಗಳವಾರ ಹಾಗೇ ಬಂದಿದೆಯಾ ನೋಡಿ.