ಸೋಮವಾರದ ರಜೆ ಹೋಗಿ ಶನಿವಾರದ ರಜೆ ಬಂದ ಕಥೆ

ಸೋಮವಾರ ಕೆಲಸಕ್ಕೆ ಚಕ್ಕರ್ ಹೊಡೆಯುವುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಹೆಸರೇ ಇತ್ತು: 'ಸೇಂಟ್ ಮಂಡೇ'. ಅಂದರೆ ಸೋಮವಾರ ಅನ್ನೋ ಸಂತನ ಹಬ್ಬ. ಅಂಥ ಸಂತ ಯಾರೂ ಇರಲಿಲ್ಲ ಬಿಡಿ. 18ನೇ ಶತಮಾನದ ನೇಕಾರರು, ಬೂಟು ಹೊಲಿಯುವವರು, ಚಾಕು-ಕತ್ತರಿ ಮಾಡುವವರು ಭಾನುವಾರದ ಮಂಪರು ಇಳಿಸಿಕೊಳ್ಳಲು ಕಟ್ಟಿಕೊಂಡ ತಮಾಷೆ ಅದು. ಸೋಮವಾರ ಆರಾಮ, ಮಂಗಳವಾರ ನಿಧಾನ. ವಾರದ ಕೊನೆ ಹತ್ತಿರ ಬಂದಂತೆ ದೀಪ ಹಚ್ಚಿಕೊಂಡು ಹೊತ್ತುಗೊತ್ತಿಲ್ಲದ ದುಡಿತ.

ಅವರೇನು ಸೋಮಾರಿಗಳಲ್ಲ. ವ್ಯಾಪಾರಿ ನೂಲು ಕೊಟ್ಟು ಹೋಗುತ್ತಿದ್ದ, ಇವರು ಮನೆಯ ಮಗ್ಗದಲ್ಲೇ ನೇಯ್ದು ಕೊಡುತ್ತಿದ್ದರು. ಕೂಲಿ ಸಿಗುತ್ತಿದ್ದದ್ದು ನೇಯ್ದ ಬಟ್ಟೆಗೆ. ಎಷ್ಟು ಗಂಟೆ ಕೂತಿದ್ದೆ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಬದುಕನ್ನು ಸುಮ್ನೆ ಚೆಂದ ಮಾಡಿ ಹೇಳುವುದು ಬೇಡ. ವ್ಯಾಪಾರ ಬಿದ್ದರೆ ಉಪವಾಸ, ಮಕ್ಕಳಿಗೂ ಕೆಲಸ ತಪ್ಪುತ್ತಿರಲಿಲ್ಲ. ಆದರೆ ಯಾವಾಗ ಏಳಬೇಕು, ಯಾವಾಗ ಮಗ್ಗಕ್ಕೆ ಕೂರಬೇಕು ಎಂಬುದು ಅವರ ಕೈಯಲ್ಲೇ ಇತ್ತು.

ಅದು ಕೈತಪ್ಪಿದ್ದು ನೂಲಿನ ದೆಸೆಯಿಂದ. 1733ರಲ್ಲಿ ಜಾನ್ ಕೇ ಎಂಬಾತ ಹಾರುವ ಲಾಳಿ ಕಂಡುಹಿಡಿದ. ನೇಯ್ಗೆ ಚುರುಕಾಯಿತು, ನೂಲುವವರಿಗೆ ಆ ವೇಗಕ್ಕೆ ನೂಲು ಒದಗಿಸಲು ಆಗಲಿಲ್ಲ. 1760ರ ದಶಕದಲ್ಲಿ ಜೇಮ್ಸ್ ಹಾರ್‌ಗ್ರೀವ್ಸ್‌ನ ಸ್ಪಿನ್ನಿಂಗ್ ಜೆನ್ನಿ ಬಂತು. ಒಬ್ಬರೇ ಕೂತು ಎಂಟು ಎಳೆ ತೆಗೆಯಬಹುದಿತ್ತು. ಆದರೂ ಅದು ಮನೆಯೊಳಗೆ ಹಿಡಿಸುವ ಯಂತ್ರ. ನಿಜವಾದ ತಿರುವು 1769ರಲ್ಲಿ ರಿಚರ್ಡ್ ಆರ್ಕ್‌ರೈಟ್ ಪೇಟೆಂಟ್ ಪಡೆದ 'ವಾಟರ್ ಫ್ರೇಮ್' ಎಂಬ ನೂಲುವ ಯಂತ್ರ. ಈತ ಮೊದಲು ಕ್ಷೌರಿಕನಾಗಿದ್ದ, ವಿಗ್ ಮಾಡಿ ಮಾರುತ್ತಿದ್ದವ! ಇವನ ಯಂತ್ರ ನಡೆಸಲು ನೀರಿನ ಬಲ ಬೇಕಾಯಿತು. ಅಲ್ಲಿಯವರೆಗೆ ಕೆಲಸ ಮನೆಗೆ ಬರುತ್ತಿತ್ತು. ಇನ್ನು ಮೇಲೆ ಜನ ಕೆಲಸದ ಹತ್ತಿರ ಹೋಗಬೇಕಾಯಿತು.

1771ರಲ್ಲಿ ಡರ್ಬಿಶೈರ್‌ನ ಕ್ರಾಮ್‌ಫರ್ಡ್‌ನಲ್ಲಿ ಆರ್ಕ್‌ರೈಟ್ ಗಿರಣಿ ಕಟ್ಟಿದ. ಹಗಲು ಒಂದು ಪಾಳಿ, ರಾತ್ರಿ ಒಂದು ಪಾಳಿ. ಕೈಗಾರಿಕಾ ಕ್ರಾಂತಿ ಅಂದರೆ ಉಗಿ ಯಂತ್ರ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಈ ಮೊದಲ ಗಿರಣಿಗಳಲ್ಲಿ ಉಗಿಯ ಸುಳಿವೇ ಇರಲಿಲ್ಲ. ಕೆಲಸಕ್ಕೆ ಕರೆಯುವ ಗಂಟೆ ಮಾತ್ರ ಇತ್ತು. ಒಂದೇ ನೀರಿನ ಚಕ್ರ ಇಡೀ ಕಟ್ಟಡದ ಯಂತ್ರಗಳನ್ನು ಒಟ್ಟಿಗೆ ತಿರುಗಿಸುತ್ತಿತ್ತು. ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಚಕ್ರ ತಿರುಗುವಷ್ಟು ಹೊತ್ತೂ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿರಬೇಕು. ಸೋಮವಾರದ ಸಂತನಿಗೆ ಇಲ್ಲಿ ಜಾಗ ಎಲ್ಲಿ?

ಮನೆಯಲ್ಲಿ ತಮ್ಮ ಇಷ್ಟದಂತೆ ದುಡಿದು ರೂಢಿಯಾದ ದೊಡ್ಡವರು ಗಿರಣಿಗೆ ಸುಲಭವಾಗಿ ಬಗ್ಗಲಿಲ್ಲ. ಹಾಗಾಗಿ ಮಾಲೀಕರು ಮಕ್ಕಳನ್ನು ಹುಡುಕಿದರು. ಕೂಲಿ ಕಡಿಮೆ, ಬೆರಳು ಸಣ್ಣದು, ಹೇಳಿದ ಮಾತು ಕೇಳುತ್ತವೆ. ತಡವಾದರೆ ದಂಡ, ತೂಕಡಿಸಿದರೆ ಏಟು. 1832ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಕಾರ್ಮಿಕರನ್ನು ಕರೆಸಿ ಕೇಳಿದಾಗ ಇಂಥವೆಲ್ಲ ಹೊರಬಂದವು. ಆ ಕಾಲದ ಇನ್ನೊಂದು ದೂರು ನನಗೆ ಮರೆಯಲಾಗದ್ದು. ಗಿರಣಿಯ ಗಡಿಯಾರವನ್ನು ಬೆಳಗ್ಗೆ ಮುಂದಕ್ಕೆ, ಸಂಜೆ ಹಿಂದಕ್ಕೆ ತಿರುಗಿಸಿ ಇಡುತ್ತಿದ್ದರಂತೆ. ಕದಿಯುತ್ತಿದ್ದದ್ದು ಕೆಲವೇ ನಿಮಿಷ. ನೂರಾರು ಜನರಿಂದ, ಪ್ರತಿದಿನ ಕದ್ದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

1833ರ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತು. ರೇಷ್ಮೆ ಗಿರಣಿಗಳಿಗೆ ಮಾತ್ರ ವಿನಾಯಿತಿ. ಜಾರಿ ಮಾಡಲು ಇಡೀ ದೇಶಕ್ಕೆ ಇದ್ದದ್ದು ನಾಲ್ಕೇ ನಾಲ್ಕು ಇನ್‌ಸ್ಪೆಕ್ಟರ್‌ಗಳು. 1844ರ ಕಾಯ್ದೆಯಲ್ಲಿ ಒಂದು ಜಾಣ ಮಾತು ಸೇರಿತು: ಕೆಲಸದ ಹೊತ್ತನ್ನು ಸಾರ್ವಜನಿಕ ಗಡಿಯಾರ ನೋಡಿ ಎಣಿಸಬೇಕು, ಉದಾಹರಣೆಗೆ ಹತ್ತಿರದ ರೈಲ್ವೆ ಗಡಿಯಾರ.

ರೈಲ್ವೆ ಗಡಿಯಾರವೇ ಯಾಕೆ? ಆಗ ಒಂದೊಂದು ಊರಿಗೆ ಒಂದೊಂದು ಸಮಯ. ಸೂರ್ಯನನ್ನು ನೋಡಿ ಇಟ್ಟ ಬ್ರಿಸ್ಟಲ್‌ನ ಗಡಿಯಾರ ಲಂಡನ್ನಿಗಿಂತ ಸುಮಾರು 10 ನಿಮಿಷ ಹಿಂದೆ. ಕುದುರೆ ಗಾಡಿಯ ಕಾಲಕ್ಕೆ ಅದು ಯಾರಿಗೂ ತೊಂದರೆಯಾಗಿರಲಿಲ್ಲ. ರೈಲು ಬಂದ ಮೇಲೆ ನಡೆಯಲಿಲ್ಲ. 1840ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ದಾರಿಯುದ್ದಕ್ಕೂ ಲಂಡನ್ ಸಮಯ ಹಿಡಿಯಿತು, ಉಳಿದ ಕಂಪನಿಗಳೂ ಹಿಂದೆ ಬಂದವು. ಕಾನೂನು ಅದನ್ನು ಇಡೀ ಬ್ರಿಟನ್‌ಗೆ ಒಪ್ಪಿದ್ದು 1880ರಲ್ಲಿ.

ಇಷ್ಟರಲ್ಲಿ ಯಂತ್ರದ ಮಗ್ಗ ಕೈಮಗ್ಗದವರ ಕೂಲಿಯನ್ನು ನೆಲಕ್ಕೆ ತಂದಿತ್ತು. 1811ರ ಹೊತ್ತಿಗೇ ಯಂತ್ರಗಳ ವಿರುದ್ಧ ಬಂಡೆದ್ದ ಕೆಲಸಗಾರರು, 'ಲುಡೈಟ್‌ಗಳು', ರಾತ್ರಿ ನುಗ್ಗಿ ಯಂತ್ರ ಒಡೆಯಲು ಶುರು ಮಾಡಿದ್ದರು. ಮರುವರ್ಷ ಸರ್ಕಾರ ಯಂತ್ರ ಒಡೆದವರಿಗೆ ಮರಣದಂಡನೆ ಎಂದು ಕಾಯ್ದೆ ತಂದಿತು. ಲ್ಯಾಂಕಶೈರ್‌ನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಹೆಚ್ಚಿನ ಪಾಲು ಬೆಳೆಯುತ್ತಿದ್ದವರು ಅಮೆರಿಕದ ದಕ್ಷಿಣದ ಗುಲಾಮರು. ಅಗ್ಗದ ಬಟ್ಟೆಯ ಬೆಲೆಯಲ್ಲಿ ಅವರ ಬೆವರಿನ ಲೆಕ್ಕ ಇರಲೇ ಇಲ್ಲ.

ಲೆಕ್ಕಕ್ಕೆ ಸಿಗದ ಇನ್ನೊಂದು ದುಡಿಮೆ ಮನೆಯೊಳಗೇ ಹುಟ್ಟಿತು. ಮನೆಯಲ್ಲೇ ಮಗ್ಗವಿದ್ದಾಗ ಅಡುಗೆ, ನೂಲು, ಮಗು ಎಲ್ಲ ಒಂದೇ ಸೂರಿನಡಿ ಕಲಸಿಹೋಗಿತ್ತು. ಗಿರಣಿ ಬಂದ ಮೇಲೆ ಗೇಟಿನೊಳಗೆ ಮಾಡಿದ್ದಷ್ಟೇ ಕೆಲಸವಾಯಿತು. ಮನೆಯಲ್ಲಿ ಹೆಂಗಸು ಮಾಡುವುದಕ್ಕೆ ಕೂಲಿಯೂ ಇಲ್ಲ, ಕೆಲಸ ಅನ್ನೋ ಹೆಸರೂ ಇಲ್ಲ. ಗಿರಣಿಗೆ ಹೋದ ಹೆಂಗಸರಂತೂ ಎರಡೂ ಕಡೆ ದುಡಿದರು.

ಗಡಿಯಾರದ ಏಟು ತಿಂದ ಕಾರ್ಮಿಕರು ನಿಧಾನವಾಗಿ ಅದೇ ಗಡಿಯಾರ ಹಿಡಿದು ಚೌಕಾಸಿಗೆ ನಿಂತರು. 1847ರಲ್ಲಿ ಹೆಂಗಸರಿಗೂ ಹದಿಹರೆಯದವರಿಗೂ ದಿನಕ್ಕೆ 10 ಗಂಟೆಯ ಮಿತಿ ಬಂತು. 1850ರಲ್ಲಿ, ಶನಿವಾರ ಮಧ್ಯಾಹ್ನ 2 ಗಂಟೆಗೆ ಇವರ ಕೆಲಸ ನಿಲ್ಲಬೇಕು ಎಂದಾಯಿತು. ಇವರಿಲ್ಲದೆ ಗಿರಣಿ ಓಡುವುದು ಕಷ್ಟ, ಹಾಗಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಪಂದ್ಯ ಶನಿವಾರ ಮಧ್ಯಾಹ್ನ 3ಕ್ಕೆ ಶುರುವಾಗುವ ಪದ್ಧತಿಯ ಬೇರು ಇಲ್ಲಿದೆ. 1856ರಲ್ಲಿ ಮೆಲ್ಬರ್ನ್‌ನ ಕಲ್ಲುಕುಟಿಗರು ಕೆಲಸ ಬಿಟ್ಟು ಮೆರವಣಿಗೆ ಹೊರಟು ದಿನಕ್ಕೆ 8 ಗಂಟೆ ಗಿಟ್ಟಿಸಿಕೊಂಡರು, ಅದೂ ಕೂಲಿ ಕಡಿಮೆಯಾಗದೆ.

ಆಮೇಲೆ ಅಮೆರಿಕದಲ್ಲಿ ಕಾರು ತಯಾರಿಸುತ್ತಿದ್ದ ಹೆನ್ರಿ ಫೋರ್ಡ್ ಬಂದ. 1913ರಲ್ಲಿ ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕಾರೇ ಕೆಲಸಗಾರನ ಮುಂದೆ ಸರಿದು ಬರುವಂತೆ ಮಾಡಿದ. ಒಂದು ಕಾರಿನ ಜೋಡಣೆಗೆ 12 ಗಂಟೆಗೂ ಹೆಚ್ಚು ಹಿಡಿಯುತ್ತಿದ್ದದ್ದು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ದಿನವಿಡೀ ಒಂದೇ ನಟ್ಟು ಬಿಗಿದು ಬೇಸತ್ತ ಜನ ಗುಂಪುಗುಂಪಾಗಿ ಕೆಲಸ ಬಿಟ್ಟರು. ಅವರನ್ನು ಹಿಡಿದಿಡಲು 1914ರಲ್ಲಿ ಫೋರ್ಡ್ ದಿನಕ್ಕೆ 5 ಡಾಲರ್ ಕೂಲಿ, 8 ಗಂಟೆ ಕೆಲಸ ಎಂದು ಸಾರಿದ. 1926ರಲ್ಲಿ ಶನಿವಾರವನ್ನೂ ಪೂರ್ತಿ ಬಿಟ್ಟುಕೊಟ್ಟ. ಬಿಡುವೇ ಇಲ್ಲದವನು ಕಾರು ಕೊಂಡು ಎಲ್ಲಿಗೆ ಹೋಗುತ್ತಾನೆ ಅನ್ನುವುದು ಅವನ ಲೆಕ್ಕ.